ಮೊದಲು ಊರು, ಆಮೇಲೆ ಉತ್ಸವ

ಉದ್ಘಾಟನೆಯ ಸಿದ್ಧತೆಯೆಂದರೆ ಚಪ್ಪರ, ತೋರಣ, ಆಹ್ವಾನ ಪತ್ರಿಕೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದ ನೃತ್ಯಗ್ರಾಮಕ್ಕೆ ಮಾತ್ರ ಅದಕ್ಕೂ ಮೊದಲು ಒಂದು ಊರನ್ನೇ ಕಟ್ಟಬೇಕಿತ್ತು. ಒಡಿಸ್ಸಿ ಕಲಾವಿದೆ ಪ್ರೋತಿಮಾ ಗೌರಿ ಬೇಡಿ ಅವರಿಗೆ ಸಿಕ್ಕಿದ್ದು 10 ಎಕರೆ ಬಯಲು. ಶಿಷ್ಯರು ಗುರುಗಳ ಜೊತೆಗಿದ್ದೇ ಕಲಿಯುವ ಗುರುಕುಲ ಅವರ ಕನಸು. ಅದನ್ನು ಕಟ್ಟಡವಾಗಿಸಿದವರು ಗೋವಾದ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ.

ನಾನು ಮೆಚ್ಚುವುದು ಆ ಕಟ್ಟೋಣದ ವಿವೇಕವನ್ನು. ಕಲ್ಲು, ಮಣ್ಣು, ಇಟ್ಟಿಗೆ. ಸೀಮೆಯಲ್ಲಿ ಸಿಗುವುದರಲ್ಲೇ ಕೆಲಸ. ಕಂಟೋನ್ಮೆಂಟಿನ ಹಳೆಯ ಬಂಗಲೆಗಳಂತೆ ಇಲ್ಲೂ ದಪ್ಪ ಗೋಡೆಯೇ ಬಿಸಿಲನ್ನು ತಡೆಯುತ್ತದೆ. ಬಯಲು ರಂಗಮಂದಿರ ನೆಲಕ್ಕೆ ಅಂಟಿಕೊಂಡೇ ಕೂತಿದೆ. ಯಾವುದೂ ನರ್ತಕಿಗಿಂತ ತಾನು ಮಿಂಚಲು ನೋಡುವುದಿಲ್ಲ.

1990ರ ಮೇ 11ರಂದು ಪ್ರಧಾನಿ ವಿ.ಪಿ. ಸಿಂಗ್ ನೃತ್ಯಗ್ರಾಮವನ್ನು ಉದ್ಘಾಟಿಸಿದರು. ಪ್ರೋತಿಮಾ 1998ರಲ್ಲಿ ಕೈಲಾಸ ಮಾನಸ ಸರೋವರ ಯಾತ್ರೆಯ ಹಾದಿಯಲ್ಲಿ, ಮಾಲ್ಪಾದ ಭೂಕುಸಿತದಲ್ಲಿ ತೀರಿಕೊಂಡರು. ಅಭ್ಯಾಸ ನಿಲ್ಲಲಿಲ್ಲ, ಸುರೂಪಾ ಸೇನ್ ಅವರ ನೃತ್ಯ ಸಂಯೋಜನೆಗಳೊಂದಿಗೆ ತಂಡ ದೇಶವಿದೇಶಗಳಲ್ಲಿ ಕುಣಿಯಿತು.

ಹಲಸೂರು, ಇಂದಿರಾನಗರದ ಗಾಜಿನ ಕಟ್ಟಡಗಳ ನಡುವೆ ಓಡಾಡುವವರು ಮುಂಚೆ ವಿಚಾರಿಸಿಕೊಂಡು ಒಮ್ಮೆ ಹೋಗಿ ಬನ್ನಿ. ಕಲೆಗೆ ಮನೆ ಕಟ್ಟುವವರಂತೂ ತಪ್ಪದೆ ನೋಡಬೇಕು.