ಕೊಬ್ಬು ಕಡಿಮೆ ಮಾಡಿದ ಹತ್ತೊಂಬತ್ತು ಸಾವಿರ ಮಹಿಳೆಯರು

ಊಟದಲ್ಲಿ ಕೊಬ್ಬು ಕಡಿಮೆ ಮಾಡಿದರೆ ಸ್ತನ ಕ್ಯಾನ್ಸರ್ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಯನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ ಅತಿ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ, ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಬೃಹತ್ ಅಧ್ಯಯನದ ಒಂದು ಭಾಗವಾಗಿ. 1993ರಲ್ಲಿ ಆರಂಭವಾದ ಇದಕ್ಕೆ 40 ಕೇಂದ್ರಗಳಲ್ಲಿ 48,835 ಮಹಿಳೆಯರು ಸೇರಿದರು. ಎಲ್ಲರೂ 50ರಿಂದ 79 ವರ್ಷದೊಳಗಿನವರು, ಮುಟ್ಟು ನಿಂತವರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಂದಿನಿಂದ ಇದನ್ನು ಎರಡು ತಪ್ಪು ರೀತಿಗಳಲ್ಲಿ ಓದಲಾಗಿದೆ: ಆಹಾರಕ್ಕೂ ಸ್ತನ ಕ್ಯಾನ್ಸರಿಗೂ ಸಂಬಂಧವೇ ಇಲ್ಲ ಎಂದು ಕೆಲವರು, ಪಥ್ಯದಿಂದ ರಕ್ಷಣೆ ಸಿಗುವುದು ಸಾಬೀತಾಯಿತು ಎಂದು ಇನ್ನು ಕೆಲವರು. ಪ್ರಯೋಗ ಈ ಎರಡನ್ನೂ ಹೇಳಿಲ್ಲ.

ಕೊಬ್ಬಿನ ಮೇಲಿನ ಅನುಮಾನ ಹಳೆಯದು. ಹೆಚ್ಚು ಕೊಬ್ಬು ತಿನ್ನಿಸಿದ ಇಲಿಗಳಲ್ಲಿ ಸ್ತನದ ಗೆಡ್ಡೆಗಳು ಹೆಚ್ಚುವುದನ್ನು ಆಲ್ಬರ್ಟ್ ಟ್ಯಾನೆನ್‌ಬಾಮ್ 1940ರ ದಶಕದಲ್ಲೇ ತೋರಿಸಿದ್ದರು. 1975ರಲ್ಲಿ ಕೆನಡಾದ ಕೆನೆತ್ ಕ್ಯಾರೊಲ್ ಬೇರೆ ಬೇರೆ ದೇಶಗಳಲ್ಲಿ ತಲಾ ಎಷ್ಟು ಕೊಬ್ಬು ಬಳಕೆಯಾಗುತ್ತದೆ, ಸ್ತನ ಕ್ಯಾನ್ಸರಿನಿಂದ ಎಷ್ಟು ಮಂದಿ ಸಾಯುತ್ತಾರೆ ಎಂಬುದನ್ನು ಒಂದೇ ನಕ್ಷೆಯಲ್ಲಿ ಗುರುತಿಸಿದರು. ಕೆಳಗಿನ ಮೂಲೆಯಲ್ಲಿ ಥಾಯ್ಲೆಂಡ್, ಜಪಾನ್. ಮೇಲಿನ ಮೂಲೆಯಲ್ಲಿ ಡೆನ್ಮಾರ್ಕ್, ನೆದರ್ಲೆಂಡ್ಸ್. ನಡುವಿನ ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಕೂತವು. ನಕ್ಷೆ ಕಣ್ಣಿಗೆ ಕಟ್ಟುವಂತಿತ್ತು. ಅಪಾಯವೂ ಅದರಲ್ಲೇ ಇತ್ತು. ಕೊಬ್ಬು ಹೆಚ್ಚು ತಿನ್ನುವ ದೇಶಗಳು ಶ್ರೀಮಂತ ದೇಶಗಳು. ಅಲ್ಲಿ ಹುಡುಗಿಯರು ಬೇಗ ಮೈನೆರೆಯುತ್ತಾರೆ, ಎತ್ತರವಾಗಿ ಬೆಳೆಯುತ್ತಾರೆ. ಚೊಚ್ಚಲ ಹೆರಿಗೆ ತಡ, ಮಕ್ಕಳು ಕಡಿಮೆ, ಎದೆಹಾಲೂಡುವ ಅವಧಿಯೂ ಕಡಿಮೆ. ಇವೆಲ್ಲವೂ ಸ್ತನ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವ ಸಂಗತಿಗಳೇ. ಗೆರೆ ಕೊಬ್ಬಿನದೋ ಸಿರಿತನದ್ದೋ ಎಂದು ನಕ್ಷೆಯಿಂದ ತಿಳಿಯುವಂತಿರಲಿಲ್ಲ.

ಮಹಿಳೆಯರು ಏನು ತಿನ್ನುತ್ತಾರೆಂದು ಬರೆದುಕೊಂಡು ವರ್ಷಗಟ್ಟಲೆ ಅವರನ್ನು ಹಿಂಬಾಲಿಸಿದ ಅಧ್ಯಯನಗಳಲ್ಲಿ ಆ ಗೆರೆ ಅಳಿಸಿಹೋಯಿತು. ವಾಲ್ಟರ್ ವಿಲೆಟ್ ಮತ್ತು ಸಂಗಡಿಗರು 89,538 ಅಮೆರಿಕನ್ ನರ್ಸ್‌ಗಳ ಮಾಹಿತಿಯಿಂದ 1987ರಲ್ಲಿ ಇದನ್ನು ಹೇಳಿದರು. 1996ರಲ್ಲಿ ಏಳು ಅಧ್ಯಯನಗಳ 3,37,819 ಮಹಿಳೆಯರ ಲೆಕ್ಕ ಒಟ್ಟುಗೂಡಿಸಿದಾಗಲೂ ಕೊಬ್ಬಿಗೂ ಸ್ತನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ತಿಂದದ್ದನ್ನು ನೆನಪಿನಿಂದ ಹೇಳುವಾಗ ತಪ್ಪುಗಳಾಗುತ್ತವೆ, ಆ ತಪ್ಪುಗಳಲ್ಲಿ ನಿಜವಾದ ನಂಟು ಮುಚ್ಚಿಹೋಗಿರಬಹುದು ಎಂಬ ಆಕ್ಷೇಪ ಉಳಿದಿತ್ತು. ಅದಕ್ಕೆ ಉತ್ತರ ಕೊಡಬಲ್ಲದ್ದು ಪ್ರಯೋಗ ಮಾತ್ರ. ಇಷ್ಟು ಕಷ್ಟದ ಕೆಲಸವನ್ನು ಕೈಗೆತ್ತಿಕೊಂಡದ್ದೇ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್‌ನ ಮೊದಲ ಹಿರಿಮೆ.

ಚೀಟಿ ಎತ್ತಿದಂತೆ 19,541 ಮಂದಿಯನ್ನು ಪಥ್ಯದ ಗುಂಪಿಗೆ, 29,294 ಮಂದಿಯನ್ನು ಹೋಲಿಕೆಯ ಗುಂಪಿಗೆ ಹಂಚಲಾಯಿತು. ಒಟ್ಟು ಶಕ್ತಿಯಲ್ಲಿ ಕೊಬ್ಬಿನ ಪಾಲು ಶೇ. 20ಕ್ಕೆ ಇಳಿಯಬೇಕು, ಹಣ್ಣು ತರಕಾರಿ ದಿನಕ್ಕೆ ಐದು ಪಾಲು, ಧಾನ್ಯ ಆರು ಪಾಲು ಇರಬೇಕು ಎಂಬುದು ಗುರಿ. ಪೋಷಣಾ ತಜ್ಞರ ಜೊತೆ ಮೊದಲ ವರ್ಷ 18 ಸಭೆಗಳು, ಆಮೇಲೆ ಮೂರು ತಿಂಗಳಿಗೊಂದು. ಇಷ್ಟಾದರೂ ಗುರಿ ಮುಟ್ಟಲಿಲ್ಲ. ಮೊದಲ ವರ್ಷ ಕೊಬ್ಬಿನ ಪಾಲು ಶೇ. 24ರ ಆಸುಪಾಸಿಗೆ ಇಳಿದು, ಆರನೆಯ ವರ್ಷದ ಹೊತ್ತಿಗೆ ಮತ್ತೆ 29ರ ಹತ್ತಿರಕ್ಕೆ ಏರಿತು. ಆಗ ಹೋಲಿಕೆಯ ಗುಂಪಿನದು 37. ಯೋಜಕರು ನಿರೀಕ್ಷಿಸಿದ್ದ ಅಂತರದಲ್ಲಿ ಸುಮಾರು ಶೇ. 70ರಷ್ಟು ಮಾತ್ರ ಸಾಧ್ಯವಾಯಿತು. ಇದು ಆ ಮಹಿಳೆಯರ ಸೋಲಲ್ಲ. ಅರವತ್ತು ವರ್ಷದ ನಾಲಿಗೆಯ ರೂಢಿಯನ್ನು, ಮನೆಯವರೆಲ್ಲ ಬೇರೆ ಊಟ ಮಾಡುತ್ತಿರುವಾಗ, ಎಂಟು ವರ್ಷ ಬದಲಿಸಿಕೊಂಡಿರುವುದು ಎಷ್ಟು ಕಷ್ಟವೆಂದು ಅಡುಗೆಮನೆ ಬಲ್ಲವರೆಲ್ಲರಿಗೂ ಗೊತ್ತು.

ಸರಾಸರಿ 8.1 ವರ್ಷಗಳ ನಂತರ ಪಥ್ಯದ ಗುಂಪಿನಲ್ಲಿ 655, ಹೋಲಿಕೆಯ ಗುಂಪಿನಲ್ಲಿ 1,072 ಮಂದಿಗೆ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಅಂದರೆ 10,000 ಮಹಿಳೆಯರಲ್ಲಿ ವರ್ಷಕ್ಕೆ 42 ಮತ್ತು 45. ಅಪಾಯ ಶೇ. 9ರಷ್ಟು ಕಡಿಮೆ ಎಂದು ಹೇಳಬಹುದಾದರೂ, ಅಂಕಿಗಳ ಅನಿಶ್ಚಿತತೆಯ ವ್ಯಾಪ್ತಿ ಶೇ. 17 ಇಳಿಕೆಯಿಂದ ಶೇ. 1 ಏರಿಕೆಯವರೆಗೂ ಚಾಚಿತ್ತು. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಪಥ್ಯ ನಿಷ್ಪ್ರಯೋಜಕ ಎಂದು ಸಾರಿದವರು ಪಥ್ಯ ಅರ್ಧಂಬರ್ಧ ನಡೆದದ್ದನ್ನು ಮರೆತರು, ಶೇ. 9ನ್ನು ಹಿಡಿದು ಸಂತೋಷಪಟ್ಟವರು ಅನಿಶ್ಚಿತತೆಯನ್ನು ಮರೆತರು.

2020ರ ಆಸುಪಾಸಿನಲ್ಲಿ ಇನ್ನೊಂದು ಲೆಕ್ಕ ಬಂತು. ಸುಮಾರು 20 ವರ್ಷಗಳ ಹಿಂಬಾಲಿಕೆಯಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರು ಪಥ್ಯದ ಗುಂಪಿನಲ್ಲಿ 132, ಇನ್ನೊಂದರಲ್ಲಿ 251. ಗುಂಪುಗಳ ಗಾತ್ರ ಹೊಂದಿಸಿ ನೋಡಿದರೆ ಶೇ. 21 ಇಳಿಕೆ. ಇದನ್ನು ತಳ್ಳಿಹಾಕುವಂತಿಲ್ಲ, ಆದರೆ ಪ್ರಯೋಗ ಮೊದಲು ಕೇಳಿಕೊಂಡಿದ್ದ ಪ್ರಶ್ನೆ ಕಾಯಿಲೆ ಬರುವುದರ ಬಗ್ಗೆ, ಸಾವಿನ ಬಗ್ಗೆ ಅಲ್ಲ. ಕೊಬ್ಬು ಇಳಿಯುವಾಗ ಹಣ್ಣು ತರಕಾರಿ ಹೆಚ್ಚಿದ್ದವು, ಮೊದಲ ವರ್ಷ ತೂಕವೂ ಎರಡು ಕಿಲೋದಷ್ಟು ಇಳಿದಿತ್ತು. ಲಾಭವಾಗಿದ್ದರೆ ಯಾವುದರಿಂದ ಎಂದು ಬಿಡಿಸಿ ಹೇಳಲಾಗದು.

ಪ್ರಯೋಗದ ದೊಡ್ಡ ಕೊರತೆ ಪ್ರಶ್ನೆಯ ಆಯ್ಕೆಯಲ್ಲೇ ಇದೆ. ಊಟ ಮತ್ತು ಸ್ತನ ಕ್ಯಾನ್ಸರಿನ ನಡುವೆ ಗಟ್ಟಿಯಾಗಿ ನಿಂತಿರುವ ನಂಟುಗಳು ಬೇರೆ. ಒಂದು, ಮದ್ಯ: ದಿನಕ್ಕೆ 10 ಗ್ರಾಂ ಆಲ್ಕೊಹಾಲ್, ಅಂದರೆ 30 ಮಿ.ಲೀ. ವಿಸ್ಕಿಯಲ್ಲಿ ಇರುವಷ್ಟು, ಅಪಾಯವನ್ನು ಶೇ. 7ರಿಂದ 10ರಷ್ಟು ಹೆಚ್ಚಿಸುತ್ತದೆ. ಇನ್ನೊಂದು, ಮುಟ್ಟು ನಿಂತ ಮೇಲಿನ ಬೊಜ್ಜು. ಅಂಡಾಶಯ ಈಸ್ಟ್ರೊಜೆನ್ ಉತ್ಪಾದನೆ ನಿಲ್ಲಿಸಿದ ಮೇಲೆ ಮೈಯ ಕೊಬ್ಬೇ ಅರೊಮಟೇಸ್ ಎಂಬ ಕಿಣ್ವದ ಮೂಲಕ ಅದನ್ನು ತಯಾರಿಸುತ್ತದೆ. ಹಲವು ಸ್ತನ ಗೆಡ್ಡೆಗಳಿಗೆ ಈ ಹಾರ್ಮೋನೇ ಗೊಬ್ಬರ. ತಟ್ಟೆಯಲ್ಲಿನ ಕೊಬ್ಬಿಗಿಂತ ಮೈಯಲ್ಲಿನ ಕೊಬ್ಬು ಮುಖ್ಯವಾಗಿದ್ದಾಗ ಪ್ರಯೋಗ ತಟ್ಟೆಯನ್ನು ನೋಡಿತು. ತೂಕ ಇಳಿಸುವುದು ಅದರ ಗುರಿಯಾಗಿರಲಿಲ್ಲ. ಏಳೂವರೆ ವರ್ಷಕ್ಕೆ ಎರಡು ಗುಂಪುಗಳ ತೂಕದ ಅಂತರ ಅರ್ಧ ಕಿಲೋಗಿಂತ ಕಡಿಮೆ.

ಕರ್ನಾಟಕದ ಓದುಗರು ಗಮನಿಸಬೇಕಾದದ್ದೂ ಇದೆ. ಬೆಂಗಳೂರಿನ ಮಹಿಳೆಯರಲ್ಲಿ ಇಂದು ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ ಎಂದು ಕಿದ್ವಾಯಿ ಸಂಸ್ಥೆಯ ನೋಂದಣಿ ತೋರಿಸುತ್ತದೆ. ಆದರೆ ಅಮೆರಿಕದ ಪ್ರಯೋಗಕ್ಕೆ ಸೇರಲು ಊಟದ ಶಕ್ತಿಯಲ್ಲಿ ಕನಿಷ್ಠ ಶೇ. 32 ಕೊಬ್ಬಿನಿಂದ ಬರುತ್ತಿರಬೇಕಿತ್ತು. ಮುದ್ದೆ, ಸೊಪ್ಪಿನ ಸಾರು, ಒಗ್ಗರಣೆಗಷ್ಟೇ ಎಣ್ಣೆ ಎಂದು ಉಣ್ಣುವ ಹೆಂಗಸಿಗೆ ಅದರ ಬಾಗಿಲೇ ತೆರೆಯುತ್ತಿರಲಿಲ್ಲ. ಅಲ್ಲಿನ ಉತ್ತರ ಅವಳ ತಟ್ಟೆಗೆ ಹಾಗೆಯೇ ಅನ್ವಯಿಸದು.

ವಯಸ್ಸಿನ ಮಿತಿ ಇನ್ನೂ ಗಂಭೀರವಾದದ್ದು. ಹಿರೋಶಿಮಾ, ನಾಗಸಾಕಿಯ ಬಾಂಬಿನಿಂದ ಬದುಕುಳಿದವರಲ್ಲಿ, ಇಪ್ಪತ್ತು ತುಂಬುವ ಮೊದಲೇ ವಿಕಿರಣಕ್ಕೆ ಒಡ್ಡಿಕೊಂಡ ಹುಡುಗಿಯರಿಗೇ ಮುಂದೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು ಇತ್ತು. ಬೆಳೆಯುತ್ತಿರುವ ಸ್ತನದ ಜೀವಕೋಶಗಳು ಹೊರಗಿನ ಪ್ರಭಾವಕ್ಕೆ ಸುಲಭವಾಗಿ ಪಕ್ಕಾಗುತ್ತವೆ ಎಂಬುದು ಇದರಿಂದ ಕಾಣುತ್ತದೆ. ಆಹಾರದ ಪ್ರಭಾವವೂ ಆ ವಯಸ್ಸಿನಲ್ಲೇ ಹೆಚ್ಚಾಗಿದ್ದರೆ, ಐವತ್ತು ದಾಟಿದವರ ಪಥ್ಯದಿಂದ ಅದನ್ನು ಅಳೆಯಲು ಸಾಧ್ಯವಿಲ್ಲ. ಹತ್ತು ವರ್ಷದ ಹುಡುಗಿಯರ ಊಟ ಬದಲಿಸಿ, ಐವತ್ತು ವರ್ಷ ಕಾದು ನೋಡುವ ಪ್ರಯೋಗ ಎಲ್ಲೂ ನಡೆದಿಲ್ಲ.