ಸುಸ್ತಿಗೆಲ್ಲ ಕೋಕ್ಯೂ10 ಉತ್ತರವಲ್ಲ

ಬೇಗ ದಣಿವಾಗುತ್ತದೆ, ಮೈಕೈ ನೋಯುತ್ತದೆ, ಗಮನ ನಿಲ್ಲುವುದಿಲ್ಲ: ಇಷ್ಟಿದ್ದರೆ ನಿಮಗೆ ಕೋಎಂಜೈಮ್ ಕ್ಯೂ10 ಬೇಕು ಎನ್ನುವ ಪಟ್ಟಿಗಳು ಈಗ ಎಲ್ಲೆಲ್ಲೂ ಕಾಣುತ್ತವೆ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ಸಕ್ಕರೆ ಕಾಯಿಲೆಗಳಿಗೂ ಇವೇ ಲಕ್ಷಣ. ಎಲ್ಲರಿಗೂ ಹೊಂದುವ ಪಟ್ಟಿಯಿಂದ ಯಾರ ಕೊರತೆಯೂ ಪತ್ತೆಯಾಗದು.

ಹಾಗೆಂದು ವಸ್ತುವೇ ಪೊಳ್ಳಲ್ಲ. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಕ್ರೇನ್ ದನದ ಹೃದಯದಿಂದ ಇದನ್ನು ಬೇರ್ಪಡಿಸಿದರು. ಉಂಡ ಅನ್ನ ಶಕ್ತಿಯಾಗುವ ಹಾದಿಯಲ್ಲಿ ಎಲೆಕ್ಟ್ರಾನ್‌ಗಳನ್ನು ದಾಟಿಸುವುದು ಇದರ ಕೆಲಸ. ಆರೋಗ್ಯವಂತರ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಜೀನ್ ದೋಷದಿಂದ ಆ ತಯಾರಿಕೆಯೇ ಕುಂಠಿತವಾದ ಮಕ್ಕಳಿದ್ದಾರೆ. ಬಹಳ ಅಪರೂಪ, ಆದರೆ ಅವರಿಗೆ ಇದು ನಿಜವಾದ ಔಷಧ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

ಹೃದಯ ವೈಫಲ್ಯದಲ್ಲೂ ಆಸೆಗೆ ಆಧಾರವಿದೆ. 2014ರಲ್ಲಿ ಪ್ರಕಟವಾದ ಕ್ಯೂ-ಸಿಂಬಿಯೊ ಪ್ರಯೋಗದಲ್ಲಿ 420 ರೋಗಿಗಳಿದ್ದರು. ಎಂದಿನ ಚಿಕಿತ್ಸೆಯ ಜೊತೆಗೆ ದಿನಕ್ಕೆ 300 ಮಿಲಿಗ್ರಾಂ ಪಡೆದವರಲ್ಲಿ ಎರಡು ವರ್ಷಗಳಲ್ಲಿ ಗಂಭೀರ ಹೃದಯ ತೊಂದರೆ ಕಂಡದ್ದು ಶೇ. 15 ಮಂದಿಗೆ, ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 26. ಅದೇ ವರ್ಷ ಪಾರ್ಕಿನ್ಸನ್ ರೋಗಿಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿನ ಪ್ರಮಾಣ ಕೊಟ್ಟರೂ ಗುಣ ಕಾಣಲಿಲ್ಲ. ಒಂದು ಕಾಯಿಲೆಯ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ನಿಜವಾದ ಗೊಂದಲವಿರುವುದು ಸ್ಟಾಟಿನ್ ಮಾತ್ರೆಯವರಲ್ಲಿ. ಕೊಲೆಸ್ಟ್ರಾಲ್ ತಯಾರಾಗುವ ದಾರಿಯನ್ನು ಸ್ಟಾಟಿನ್ ತಡೆಯುತ್ತದೆ; ಕ್ಯೂ10 ಹುಟ್ಟುವುದೂ ಅದೇ ದಾರಿಯಲ್ಲಿ. ಹಾಗಾಗಿ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಸ್ನಾಯು ನೋವಿಗೆ ಇದೇ ಕಾರಣ ಎಂಬ ತರ್ಕ ಚೆಂದವಾಗಿದೆ, ಪುರಾವೆ ಮಾತ್ರ ಗಟ್ಟಿಯಿಲ್ಲ. ಸ್ಟಾಟಿನ್ ನೋವಿಗೆ ಇದನ್ನು ಕೊಡುವುದನ್ನು ಅಮೆರಿಕದ ಹೃದ್ರೋಗ ತಜ್ಞರ 2018ರ ಮಾರ್ಗಸೂಚಿ ಒಪ್ಪಲಿಲ್ಲ. ಅಡ್ಡಪರಿಣಾಮವೆಂದು ಸ್ಟಾಟಿನ್ ಬಿಟ್ಟಿದ್ದ 60 ಮಂದಿಯ ಮೇಲೆ ನಡೆದ ಸ್ಯಾಮ್ಸನ್ ಪ್ರಯೋಗದಲ್ಲಿ, ಸ್ಟಾಟಿನ್‌ನಿಂದ ಅನುಭವಿಸಿದ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯಿಂದಲೂ ಕಂಡಿತು.

ಹಾಗಾದರೆ ಯಾರಿಗೆ ಬೇಕು? ಉತ್ತರ ಲಕ್ಷಣಗಳಲ್ಲಿಲ್ಲ, ರೋಗಿಯ ಚರಿತ್ರೆಯಲ್ಲಿದೆ: ಯಾವ ಕಾಯಿಲೆ, ಯಾವ ಮಾತ್ರೆ, ಯಾವ ಪರೀಕ್ಷೆ ಆಗಿದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಲ್ಲಿ ಕ್ಯೂ10 ಆ ಔಷಧದ ಬಲವನ್ನೇ ತಗ್ಗಿಸಬಹುದು. ಇದನ್ನೆಲ್ಲ ಕೇಳದೆ ಡಬ್ಬಿ ಕೈಗಿಡುವ ಸಲಹೆ ರೋಗಿಯ ಹಣವನ್ನಷ್ಟೇ ಅಲ್ಲ, ಅವನ ನಿಜವಾದ ಕಾಯಿಲೆ ಪತ್ತೆಯಾಗಬೇಕಿದ್ದ ಅಮೂಲ್ಯ ತಿಂಗಳುಗಳನ್ನೂ ಕಸಿಯುತ್ತದೆ.