ನಿಕಾಲಿ ಇಲ್ಲದ ಕುಸ್ತಿ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದೇ ರೈಲು ಹಳಿಯ ಮೇಲಿನ ಊರುಗಳು. ಜಾತ್ರೆಯ ಹೊತ್ತಿಗೆ ಈ ಕಡೆಯ ಗೋಡೆಗಳ ಮೇಲೆ ‘ಬಯಲು ಜಂಗೀ ನಿಕಾಲಿ ಕುಸ್ತಿಗಳು’ ಎಂಬ ಪೋಸ್ಟರು ಕಾಣಿಸಿಕೊಳ್ಳುತ್ತದೆ. ನಿಕಾಲಿ ಎಂದರೆ ಫಲಿತಾಂಶ ಬರುವತನಕ ಆಡುವ ಕುಸ್ತಿ. ಒಬ್ಬನ ಬೆನ್ನು ಮಣ್ಣಿಗೆ ತಾಗಬೇಕು, ಹಲಗಿ ಬಾರಿಸಬೇಕು, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕುಣಿಯಬೇಕು. ಸಮ ಎಂದು ಬಿಡಿಸಿದರೆ ಜನ ಗೊಣಗುತ್ತಾರೆ.

ಆದರೆ ಪೈಲ್ವಾನನೊಬ್ಬ ಹೀಗೆ ಜನರೆದುರು ಆಡುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳಲ್ಲಿ ಬೆಳಗಿನ ಜಾವ ಗರಡಿಮನೆಯ ಕೆಮ್ಮಣ್ಣಿನಲ್ಲಿ ಅವನು ಆಡುವುದು ಇನ್ನೊಂದು ಬಗೆಯ ಕುಸ್ತಿ. ಅದರಲ್ಲಿ ಗೆದ್ದವನಿಲ್ಲ, ಸೋತವನಿಲ್ಲ. ಇಪ್ಪತ್ತು ಸಲ ಬಿದ್ದವನು ಮೈಗೆ ಮಣ್ಣು ಸವರಿಕೊಂಡು ಇಪ್ಪತ್ತೊಂದನೆಯ ಸಲ ಕೈ ಕೊಡುತ್ತಾನೆ. ಯಾರೂ ಲೆಕ್ಕ ಇಡುವುದಿಲ್ಲ. ಬನಾರಸಿನ ಅಖಾಡಗಳಲ್ಲಿ ಇದಕ್ಕೆ ‘ಜೋರ್’ ಎನ್ನುತ್ತಾರೆ. ಮರಾಠಿಯ ತಾಲೀಮುಗಳಲ್ಲಿ ಅದೇ ಜೋರ್ ಎಂದರೆ ದಂಡ ಹೊಡೆಯುವುದು. ಗೊಂದಲ ಬೇಡವೆಂದು ನಾನು ತಾಲೀಮು ಕುಸ್ತಿ ಎಂದೇ ಕರೆಯುತ್ತೇನೆ. ಬಾಕ್ಸಿಂಗ್, ಕರಾಟೆ ಕಲಿಯುವ ಹುಡುಗರು ಸ್ಪಾರಿಂಗ್ ಅನ್ನುವುದು ಇದಕ್ಕೇ.

ನನ್ನ ತಕರಾರು ಇಷ್ಟು. ನಾನು ಓದಿದ, ನೋಡಿದ ಮಟ್ಟಿಗೆ ನಮ್ಮ ಕಾವ್ಯ, ಕಥೆ, ಸಿನಿಮಾಗಳಿಗೆ ನಿಕಾಲಿ ಕುಸ್ತಿ ಗೊತ್ತು, ತಾಲೀಮು ಕುಸ್ತಿ ಗೊತ್ತಿಲ್ಲ. ಅಪರೂಪಕ್ಕೆ ಅದರ ಹತ್ತಿರ ಸುಳಿದಾಗಲೂ ಅವು ಹಿಡಿಯುವುದು ಅದು ಕೆಟ್ಟುಹೋದ ಗಳಿಗೆಯನ್ನು.

ಅದು ಕೆಡದೇ ಇರುವಾಗ ಹೇಗಿರುತ್ತದೆ ಎಂದು ಮೊದಲು ಹೇಳಬೇಕು. ಹದಿಮೂರರ ವಯಸ್ಸಿನಲ್ಲಿ ರಾಣೇಬೆನ್ನೂರಿನ ಒಂದು ಗರಡಿಗೆ ಎರಡು ವರ್ಷ ಹೋದೆ. ಪೈಲ್ವಾನನಾಗಲಿಲ್ಲ, ಅದು ಬೇರೆ ಮಾತು. ನನಗೆ ಜೋಡಿಯಾಗಿ ಸಿಕ್ಕವನು ನನಗಿಂತ ನಾಲ್ಕು ವರ್ಷ ದೊಡ್ಡವನು, ಮೂಟೆ ಹೊತ್ತು ಗಟ್ಟಿಯಾದ ಮೈ. ಮೊದಲ ವಾರ ಕೈ ಕೊಟ್ಟ ಗಳಿಗೆಯಲ್ಲೇ ನನ್ನನ್ನು ನೆಲಕ್ಕೆ ಒಗೆಯುತ್ತಿದ್ದ. ಕಟ್ಟೆಯ ಮೇಲೆ ಕೂತಿದ್ದ ವಸ್ತಾದರು ಒಂದು ದಿನ ಅವನನ್ನು ಗದರಿದರು: “ಲೇ, ಕೆಡವಾಕ ಹಿಡದೀಯೋ, ಕಲಸಾಕ ಹಿಡದೀಯೋ? ಅವಗ ಎಷ್ಟ ತಡಿತೈತಿ, ಅದರ ಮ್ಯಾಲ ಒಂದ ಹಿಡಿ ಕೊಡು.” ಮರುದಿನ ಅವನು ನನಗೆ ಬೇಕೆಂದೇ ಬಿದ್ದುಕೊಟ್ಟ. ಅದಕ್ಕೂ ಬೈಗುಳವೇ: “ಸುಳ್ಳ ಬಿದ್ರ ಅವಗ ಸುಳ್ಳ ಕಲಸಿದಂಗ ಆತು.”

ಈ ಎರಡು ಬೈಗುಳಗಳ ನಡುವಿನ ಇಕ್ಕಟ್ಟಿನ ಜಾಗವೇ ತಾಲೀಮು ಕುಸ್ತಿ. ಬಲ ತೋರಿಸಬಾರದು, ಬಲ ಬಚ್ಚಿಡಲೂ ಬಾರದು. ಎದುರಿನವನ ಮೈ ಇವತ್ತು ಎಷ್ಟು ತಡೆದೀತು ಎಂಬುದನ್ನು ಹಿಡಿತದಲ್ಲೇ ಓದಬೇಕು. ನನಗೆ ಢಾಕ್ ಹಾಕಲು ಬಂದದ್ದು ವಸ್ತಾದರು ತೋರಿಸಿದ್ದರಿಂದಲ್ಲ. ಅವನು ತನ್ನ ಸೊಂಟವನ್ನು ನನಗೆ ಕೊಟ್ಟ. ಪೂರ್ತಿ ಕೊಡಲಿಲ್ಲ, ಒಂದಿಷ್ಟು ತಡೆದು ಕೊಟ್ಟ.

ಲೋಯಿಕ್ ವಾಕಾಂ ಎಂಬ ಫ್ರೆಂಚ್ ಸಮಾಜಶಾಸ್ತ್ರಜ್ಞ 1988ರಲ್ಲಿ ಶಿಕಾಗೋದ ಕಪ್ಪು ಜನರ ಬಡಾವಣೆಯ ಬಾಕ್ಸಿಂಗ್ ಜಿಮ್ ಒಂದನ್ನು ಸೇರಿ ತಾನೇ ಕಲಿತು ಬರೆದ ಪುಸ್ತಕ, ‘ಬಾಡಿ ಅಂಡ್ ಸೋಲ್’. ಅದರಲ್ಲಿ ಸ್ಪಾರಿಂಗ್ ಕುರಿತ ಪುಟಗಳನ್ನು ಓದಿದಾಗ ನಮ್ಮ ವಸ್ತಾದರೇ ನೆನಪಾದರು. ಯಾರಿಗೆ ಯಾರು ಜೋಡಿ ಎಂದು ನಿರ್ಧರಿಸುವುದು ಅಲ್ಲಿನ ಮುದಿ ಕೋಚ್‌ನ ದೊಡ್ಡ ವಿದ್ಯೆ. ಎಷ್ಟು ಜೋರಾಗಿ ಹೊಡೆಯಬೇಕು ಎಂಬುದು ಹೊಡೆಯುವ ಇಬ್ಬರೂ ಮಾತಿಲ್ಲದೆ ಮಾಡಿಕೊಳ್ಳುವ ಒಪ್ಪಂದ. ಜುಡೋ ಕಟ್ಟಿದ ಕಾನೊ ಜಿಗೊರೊ ಕೂಡ ಇದನ್ನು ‘ರಂದೋರಿ’ ಎಂಬ ಹೆಸರಿನಲ್ಲಿ ತನ್ನ ಶಿಕ್ಷಣದ ನಡುವೆ ಇಟ್ಟ. ಅಪಾಯದ ಪಟ್ಟುಗಳನ್ನು ತೆಗೆದಿಟ್ಟರೆ ಉಳಿದದ್ದನ್ನು ಪೂರ್ತಿ ಮನಸ್ಸಿನಿಂದ ಆಡಬಹುದು ಎಂಬುದು ಅವನ ಲೆಕ್ಕ.

ಇನ್ನು ನಮ್ಮ ಸಿನಿಮಾ. ‘ಪೈಲ್ವಾನ್’ (2019), ‘ಗರಡಿ’ (2023) ಎರಡರಲ್ಲೂ ಕಥೆಯನ್ನು ಮುಂದೆ ತಳ್ಳುವುದು ಗೆಲ್ಲಲೇಬೇಕಾದ ಕುಸ್ತಿ. ಇಂಥ ಚಿತ್ರಗಳಲ್ಲಿ ತಯಾರಿ ಎಂದ ಕೂಡಲೇ ಒಂದು ಹಾಡು ಶುರುವಾಗುತ್ತದೆ: ನಾಯಕ ದಂಡ ಹೊಡೆಯುತ್ತಾನೆ, ಹಗ್ಗ ಹತ್ತುತ್ತಾನೆ, ಓಡುತ್ತಾನೆ. ಒಬ್ಬಂಟಿ ಮೈ, ಬೆವರು, ನಿಧಾನ ಚಲನೆಯ ಕ್ಯಾಮೆರಾ. ಬಲ ಬೆಳೆಸುವುದನ್ನು ಒಬ್ಬನೇ ಮಾಡಬಹುದು. ಕುಸ್ತಿ ಕಲಿಯುವುದನ್ನು ಒಬ್ಬನೇ ಮಾಡಲಾಗದು. ಆ ಇನ್ನೊಬ್ಬನನ್ನು ತೆರೆಯ ಮೇಲೆ ತಂದರೆ ನಾಯಕ ದಿನಾ ಬೀಳುವುದನ್ನೂ ತೋರಿಸಬೇಕಾಗುತ್ತದೆ, ಬಹುಶಃ ಅದಕ್ಕೇ ಅವನಿಗೆ ಜಾಗವಿಲ್ಲ.

‘ದಂಗಲ್’ (2016) ಈ ವಿಷಯದಲ್ಲಿ ಬೇರೆ. ಅಲ್ಲಿ ತಾಲೀಮಿಗೆ ಸೋದರಸಂಬಂಧಿ ಹುಡುಗನಿದ್ದಾನೆ, ಅವನು ಬೀಳುತ್ತಾನೆ, ಅದರಿಂದಲೇ ಹುಡುಗಿಯರು ಕಲಿಯುತ್ತಾರೆ. ಆ ಚಿತ್ರದ ಅತ್ಯುತ್ತಮ ಕುಸ್ತಿ ಚಿನ್ನದ ಪದಕದ್ದಲ್ಲ. ಪಟಿಯಾಲಾದಿಂದ ಹೊಸ ಪಟ್ಟು ಕಲಿತು ಬಂದ ಗೀತಾ ಮನೆಯ ಮಟ್ಟಿಯಲ್ಲಿ ಅಪ್ಪನನ್ನೇ ಕೆಡವುವ ದೃಶ್ಯವದು. ಕಲಿಸುವ ಕುಸ್ತಿಯಾಗಬೇಕಿದ್ದದ್ದು ನಿಕಾಲಿಯಾಗಿ ಬದಲಾಗುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಅಪ್ಪ ಸಿಟ್ಟಿನಲ್ಲಿ ಹಿಡಿಯುತ್ತಾನೆ, ಮಗಳು ಹಟದಲ್ಲಿ. ಅವನು ಸೋತದ್ದು ಪಟ್ಟಿಗಲ್ಲ, ವಯಸ್ಸಿಗೆ ಎಂದು ತಂಗಿ ಆಮೇಲೆ ಹೇಳುತ್ತಾಳೆ. ಗರಡಿಗೆ ಹೋದ ಯಾರಿಗೂ ಆ ಮಾತು ಬೇಕಿರಲಿಲ್ಲ. ದೃಶ್ಯದಲ್ಲೇ ಅದು ಗೊತ್ತಾಗಿತ್ತು.

ಇದರ ಹಳೆಯ ರೂಪ ಭಾರತದಲ್ಲಿದೆ. ದ್ರೋಣ ತನ್ನ ಶಿಷ್ಯರ ವಿದ್ಯೆಯನ್ನು ಹಸ್ತಿನಾವತಿಯ ಜನರ ಮುಂದೆ ತೋರಿಸುವ ಪ್ರಸಂಗವನ್ನು ನೆನಪಿಸಿಕೊಳ್ಳಿ. ಭೀಮ ದುರ್ಯೋಧನರು ಗದೆ ಹಿಡಿದು ಬರುತ್ತಾರೆ. ಮನೆಯಲ್ಲಿ ನೂರು ಸಲ ಆಡಿದ ಆಟವೇ. ಆದರೆ ವ್ಯಾಸರು ಒಂದು ಸೂಕ್ಷ್ಮವನ್ನು ಗಮನಿಸಿದ್ದಾರೆ: ನೋಡುತ್ತಿದ್ದ ಜನ ಎರಡು ಪಾಳಿಯಾಗಿ ಕೂಗತೊಡಗುತ್ತಾರೆ. ದ್ರೋಣ ಗಾಬರಿಯಿಂದ ಅಶ್ವತ್ಥಾಮನನ್ನು ಕಳಿಸಿ ಇಬ್ಬರನ್ನೂ ಬಿಡಿಸುತ್ತಾನೆ. ಹಗೆ ಮೊದಲೇ ಇತ್ತು, ನಿಜ. ಆದರೆ ತಾಲೀಮನ್ನು ಆ ಹೊತ್ತಿನಲ್ಲಿ ಕಾಳಗದ ಅಂಚಿಗೆ ತಂದದ್ದು ಕೂಗು. ಈಗ ಗರಡಿಯೊಳಗೆ ಮೊಬೈಲು ಎತ್ತಿ ಹಿಡಿದು ರೀಲ್ಸ್ ಮಾಡುವ ಹುಡುಗರನ್ನು ಕಂಡಾಗ ನನಗೆ ಆ ಜನಜಂಗುಳಿಯೇ ಕಾಣುತ್ತದೆ. ಕ್ಯಾಮೆರಾದ ಮುಂದೆ ಯಾರೂ ಬೀಳಲು ಒಪ್ಪುವುದಿಲ್ಲ.

ಅಲ್ಲಿಂದ ರನ್ನನ ‘ಗದಾಯುದ್ಧ’ಕ್ಕೆ ಬರುವ ದಾರಿ ಉದ್ದವಲ್ಲ. ಆ ಕಾವ್ಯದ ನಾಯಕ ಭೀಮನೋ ದುರ್ಯೋಧನನೋ ಎಂದು ನಮ್ಮ ವಿಮರ್ಶೆ ಬಹಳ ವಾದ ಮಾಡಿದೆ. ಬಿ.ಎಂ.ಶ್ರೀ ಅದನ್ನು ನಾಟಕಕ್ಕೆ ಅಳವಡಿಸಿದ ಮೇಲಂತೂ ದುರ್ಯೋಧನನ ದುರಂತ ತರಗತಿಗಳ ಪಾಠವೇ ಆಯಿತು. ಅವರಿಬ್ಬರೂ ಒಂದೇ ಗರಡಿಯ ಜೋಡಿಗಳಾಗಿದ್ದರು ಎಂಬುದನ್ನು ಮಾತ್ರ ನಾವು ಮರೆತು ಓದುತ್ತೇವೆ. ದ್ರೋಣನ ಬಳಿ ಕೂಡಿ ಕಲಿತವರು, ಬಲರಾಮನಿಗೂ ಶಿಷ್ಯರು. ಜೋಡಿ ಮುರಿದ ಮೇಲೆ ದುರ್ಯೋಧನ ಏನು ಮಾಡಿದ? ವ್ಯಾಸಭಾರತದಲ್ಲಿ ಕೃಷ್ಣ ಹೇಳುವ ಪ್ರಕಾರ, ಭೀಮನನ್ನು ಕೊಲ್ಲುವ ಆಸೆಯಿಂದ ಹದಿಮೂರು ವರ್ಷ ಕಬ್ಬಿಣದ ಭೀಮನ ಮೇಲೆ ಗದೆ ಬೀಸಿ ಅಭ್ಯಾಸ ಮಾಡಿದ. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ ಅಪ್ಪಿ ಪುಡಿ ಮಾಡುವುದೂ ಕಬ್ಬಿಣದ ಭೀಮನನ್ನೇ.

ಆ ಅಭ್ಯಾಸ ವ್ಯರ್ಥವಾಯಿತು ಎನ್ನುವಂತಿಲ್ಲ. ಬಲದಲ್ಲಿ ಭೀಮ ಮೇಲು, ಕುಶಲತೆಯಲ್ಲಿ ದುರ್ಯೋಧನ ಮೇಲು ಎಂದು ಕೃಷ್ಣನೇ ಒಪ್ಪುತ್ತಾನೆ. ಆದರೆ ಕಬ್ಬಿಣ ತಿರುಗಿ ಹೊಡೆಯುವುದಿಲ್ಲ, ಮೋಸವನ್ನೂ ಮಾಡುವುದಿಲ್ಲ. ಕೊನೆಯಲ್ಲಿ ದುರ್ಯೋಧನ ಏಟು ತಪ್ಪಿಸಲು ಮೇಲಕ್ಕೆ ನೆಗೆಯುತ್ತಾನೆ, ಭೀಮನ ಗದೆ ತೊಡೆಗೆ ಬೀಳುತ್ತದೆ. ಅಧರ್ಮ, ಸರಿ. ಬಲರಾಮ ಸಿಟ್ಟಾದದ್ದೂ ಸರಿ. ಆದರೆ ಜೀವಂತ ಜೋಡಿಯೊಂದಿಗೆ ಹದಿಮೂರು ವರ್ಷ ಆಡಿದ್ದವನಿಗೆ, ನೆಗೆದಾಗ ಕೆಳಗೆ ಏನು ತೆರೆದುಕೊಳ್ಳುತ್ತದೆ ಎಂದು ಯಾರಾದರೂ ಮೆತ್ತಗೆ ಒಂದು ಏಟು ಕೊಟ್ಟು ಕಲಿಸಿರುತ್ತಿದ್ದರು. ಕಬ್ಬಿಣವನ್ನು ಆರಿಸಿಕೊಂಡವನ ಒಂಟಿತನ ನನಗೆ ಅವನ ಛಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಶಾಸ್ತ್ರಗ್ರಂಥಗಳು ಕಾವ್ಯಗಳಿಗಿಂತ ಈ ವಿಷಯದಲ್ಲಿ ಪ್ರಾಮಾಣಿಕ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಹೆಸರೇ ಹೇಳುವಂತೆ ಅದು ನೋಡುವ ರಾಜನ ಕಣ್ಣು. ಆದರೂ ಭಾರ ಎತ್ತುವುದು, ಕಂಬದ ಸಾಧನೆ, ನೀರಿನ ಸಾಧನೆ ಎಲ್ಲವನ್ನೂ ‘ಶ್ರಮ’ ಎಂದು ಕರೆದು ದಾಖಲಿಸುತ್ತದೆ. ‘ಮಲ್ಲಪುರಾಣ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕುಸ್ತಿಯಾಡುವುದನ್ನೇ ‘ರಂಗಶ್ರಮ’ ಎಂದು ಅದೇ ಪಟ್ಟಿಗೆ ಸೇರಿಸುತ್ತದೆ. ಪಟ್ಟುಗಳ ಬಗ್ಗೆ ಕೂತು ಚರ್ಚಿಸುವುದಕ್ಕೂ ಅಲ್ಲಿ ಒಂದು ಹೆಸರಿದೆ: ಊಹಾಪೋಹಶ್ರಮ. ವಿಮರ್ಶೆ ಬರೆಯುವವರು ಈ ಪದವನ್ನು ಎರವಲು ಪಡೆಯಬಹುದು.

ಕಳೆದ ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿದ್ದೆ. ಬೆಳಗಿನ ಗಾಳಿಯಲ್ಲೇ ಘಾಟು. ಗೆಳೆಯನೊಬ್ಬ ಅಲ್ಲಿನ ಗರಡಿಯೊಂದನ್ನು ತೋರಿಸಲು ಕರೆದೊಯ್ದ. ಮಟ್ಟಿಯಲ್ಲಿ ಒಬ್ಬನೇ ಹುಡುಗ, ಹದಿನೈದಿರಬಹುದು, ಕಂಬಕ್ಕೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಎಳೆದು ಎಳೆದು ಒಂದೇ ಪಟ್ಟು ಹಾಕುತ್ತಿದ್ದ. ಅವನ ಜೋಡಿ ಮಾರುಕಟ್ಟೆಯಲ್ಲಿ ರಾತ್ರಿಯೆಲ್ಲ ಚೀಲ ಇಳಿಸಿ ಮಲಗಿದ್ದನಂತೆ. ಬೇರೆ ಇಬ್ಬರು ಜಿಮ್‌ಗೆ ಹೋಗತೊಡಗಿದ್ದಾರೆ. ವಸ್ತಾದರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಬಾಗುವುದಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಿಂದಕ ಆಡೀಯೇನ ತಮ್ಮಾ?” ಅಂದರು. ಎರಡು ವರ್ಷ, ಅದೂ ಮೂವತ್ತು ವರ್ಷದ ಹಿಂದೆ ಅಂದೆ. “ಸಾಕ ಬಿಡು. ಅಂಗಿ ತಗದ ಇಳಿ. ನೀ ಏನೂ ಮಾಡಬ್ಯಾಡ, ಒಂಚೂರ ತಡದ ನಿಂದ್ರು.”

ಇಳಿದೆ. ಹುಡುಗ ನನ್ನ ಪಾದ ಮುಟ್ಟಿ, ಮಣ್ಣು ಎತ್ತಿ ನನ್ನ ಭುಜಕ್ಕೆ ಸವರಿ ಕೈ ಕೊಟ್ಟ. ಮೊದಲ ಸಲ ಎತ್ತಲು ಹೋಗಿ ಅರ್ಧಕ್ಕೆ ನಿಂತ, ನಾನು ತಡೆದಿದ್ದೆ. ಎರಡನೆಯ ಸಲ ಸೊಂಟ ಸರಿಯಾಗಿ ಕೂತಿತು. ಆಕಾಶ ಕಂಡಿತು, ಆಮೇಲೆ ಮಾಡಿನ ಹಂಚು, ಆಮೇಲೆ ಮಣ್ಣು. ಕಟ್ಟೆಯ ಮೇಲಿಂದ ವಸ್ತಾದರು ಕೇಳಿದರು: “ಸುಳ್ಳ ಬಿದ್ದೀಯೇನ?”

ಇಲ್ಲರೀ ಅಂದೆ. ಮತ್ತೆ ಕೈ ಕೊಟ್ಟೆ.